ಹೀರುವವರು ಯಾರು, ಸಾಗಿಸುವವರು ಯಾರು?

ಮಾನ್ಯರೇ,

ನಿಮ್ಮ ‘ಶಿಶುವಿನ ಒಡಲಲ್ಲಿ ಬಿ ಜೀವಸತ್ವಗಳ ಪಯಣ’ ಲೇಖನವನ್ನು ಓದಿದೆ. ಭಾಷೆ ಸ್ವಚ್ಛವಾಗಿದೆ, ವಿಷಯದ ಆಯ್ಕೆಯೂ ಮೆಚ್ಚುವಂಥದ್ದು. ಆದರೆ ಮೂರನೆಯ ಪ್ಯಾರಾದ ಎರಡು ವಾಕ್ಯಗಳು ನನಗೆ ನುಂಗಲಾರದ ತುತ್ತಾಗಿವೆ. ಈ ಪತ್ರ ಅವುಗಳ ಕುರಿತು ಮಾತ್ರ.

‘ಬಿ-12 ಶಿಶುವಿನ ಜಠರದಲ್ಲಿ ಹೀರಲ್ಪಟ್ಟು ರಕ್ತಕ್ಕೆ ಸಾಗಿಸಲ್ಪಡುತ್ತದೆ’ ಎಂದಿದ್ದೀರಿ. ಹೀರುವವರು ಯಾರು, ಸಾಗಿಸುವವರು ಯಾರು? ಜಠರವಂತೂ ಅಲ್ಲ, ಬಿ-12 ಒಳಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ತಾಯಿಯ ಹಾಲಿನಲ್ಲಿ ಅದು ಹ್ಯಾಪ್ಟೊಕೊರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಬರುತ್ತದೆ. ವಯಸ್ಕರಲ್ಲಾದರೆ ಮೇದೋಜ್ಜೀರಕ ಗ್ರಂಥಿಯ ಕಿಣ್ವಗಳು ಆ ಪ್ರೋಟೀನಿನ ಹಿಡಿತ ಬಿಡಿಸಿ, ಜಠರ ಸ್ರವಿಸಿದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಇನ್ನೊಂದು ಪ್ರೋಟೀನಿನ ವಶಕ್ಕೆ ಬಿ-12 ಅನ್ನು ಒಪ್ಪಿಸುತ್ತವೆ. ಕರುಳಿನ ಗೋಡೆಯ ಗ್ರಾಹಕಗಳು ಆ ಜೋಡಿಯನ್ನು ಗುರುತಿಸಿ ಒಳಗೆ ಬಿಟ್ಟುಕೊಂಡ ಮೇಲೆ, ರಕ್ತದಲ್ಲಿ ಟ್ರಾನ್ಸ್‌ಕೊಬಾಲಮಿನ್ ಎಂಬ ಪ್ರೋಟೀನ್ ಅದನ್ನು ಜೀವಕೋಶಗಳಿಗೆ ಮುಟ್ಟಿಸುತ್ತದೆ. ನವಜಾತ ಶಿಶುವಿನಲ್ಲಿ ಆ ಕಿಣ್ವಗಳಾಗಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಗಲಿ ಇನ್ನೂ ಪೂರ್ಣ ಪ್ರಮಾಣದಲ್ಲಿ ಇರುವುದಿಲ್ಲ. ಲೇಖನದ ಜೀವಾಳವಾಗಬೇಕಿದ್ದ ಸಂಗತಿಯೇ ನಿಮ್ಮ ಕರ್ಮಣಿ ಪ್ರಯೋಗದಡಿ ಹೂತುಹೋಗಿದೆ.

ನಾನು ಕರಡು ತಿದ್ದಲು ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯ ಉಪಸಂಪಾದಕರು ‘-ಅಲ್ಪಡು’ ಕಂಡಲ್ಲೆಲ್ಲ ಹಸಿರು ಶಾಯಿಯಲ್ಲಿ ‘ಯಾರಿಂದ?’ ಎಂದು ಗೀಚಿ ಹಾಳೆಯನ್ನು ನನ್ನತ್ತ ತಳ್ಳುತ್ತಿದ್ದರು. ಉತ್ತರಕ್ಕಾಗಿ ನಾನು ವೈದ್ಯಕೀಯ ಕಾಲೇಜಿನ ಗ್ರಂಥಾಲಯದವರೆಗೆ ಸೈಕಲ್ ತುಳಿಯಬೇಕಾಗುತ್ತಿತ್ತು. ಆಗ ಅವರ ಮೇಲೆ ನನಗೆ ಬರುತ್ತಿದ್ದ ಸಿಟ್ಟು ಈಗ ನಿಮಗೆ ನನ್ನ ಮೇಲೆ ಬಂದರೆ ಆಶ್ಚರ್ಯವಿಲ್ಲ.

‘ತಾಯಿಯ ಹಾಲಿನಲ್ಲಿ ಎಲ್ಲ ಬಿ ಜೀವಸತ್ವಗಳೂ ಸಮೃದ್ಧವಾಗಿರುವುದರಿಂದ ಚಿಂತೆಗೆ ಕಾರಣವಿಲ್ಲ’ ಎಂಬ ಎರಡನೆಯ ವಾಕ್ಯ ನನ್ನನ್ನು ನಿಜಕ್ಕೂ ಕೆರಳಿಸಿತು. ವೆಲ್ಲೂರಿನ ವೈದ್ಯರು 1962ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರ್ಣಿಸಿದ ದಕ್ಷಿಣ ಭಾರತದ ಆರು ಕೂಸುಗಳು ಎದೆಹಾಲು ಕುಡಿಯುತ್ತಿದ್ದಂಥವೇ. ಅವುಗಳ ಚರ್ಮ ಕಪ್ಪಿಟ್ಟಿತ್ತು, ಕೈಕಾಲು ತಾವಾಗಿಯೇ ಅದುರುತ್ತಿದ್ದವು, ಬೆಳವಣಿಗೆ ಹಿಂದಕ್ಕೆ ಸರಿದಿತ್ತು. ಬಿ-12 ಕೊರತೆ ಅವುಗಳ ತಾಯಂದಿರಲ್ಲೂ ಇತ್ತು. ಪಾಲಿಷ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡ ಬಾಣಂತಿಯ ಹಾಲಿನಲ್ಲಿ ಥಯಾಮಿನ್ (ಬಿ-1) ಇಳಿದು ಕೂಸಿಗೆ ಬೆರಿಬೆರಿ ಎಂಬ ಕೊರತೆರೋಗ ತಗಲುವುದೂ ಇದೇ ಬಗೆಯದು. ಇನ್ನೊಂದು ಬಿ ಜೀವಸತ್ವವಾದ ಫೋಲೇಟ್‌ನ ಮಟ್ಟಿಗೆ ನಿಮ್ಮ ಮಾತು ಬಹುಪಾಲು ನಿಲ್ಲುತ್ತದೆ, ಏಕೆಂದರೆ ತಾಯಿಯ ಸಂಗ್ರಹ ಕುಗ್ಗಿದರೂ ಹಾಲಿನಲ್ಲಿ ಅದರ ಮಟ್ಟ ಸುಲಭಕ್ಕೆ ಇಳಿಯುವುದಿಲ್ಲ. ‘ಎಲ್ಲ’ ಎಂದು ಬರೆದು ನೀವು ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೀರಿ. ಕೊರತೆಯಿರುವ ಬಾಣಂತಿಯೊಬ್ಬರು ಇದನ್ನು ಓದಿ ನಿಶ್ಚಿಂತರಾಗಿಬಿಟ್ಟರೆ ಉತ್ತರ ಹೇಳಬೇಕಾದವರು ನಾವು.

ಆ ಪ್ಯಾರಾವನ್ನು, ತಾಯಿಯ ಊಟದಿಂದಲೇ ಆರಂಭಿಸಿ, ಹೊಸದಾಗಿ ಬರೆದು ಕಳುಹಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ಇಂತು,
ಸಂಪಾದಕ