ರೈನ್ ದಡದ ಕೋಟೆಗಳೆಲ್ಲ ಹಾಳಾದ್ರೂ ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್ ಹೇಗೆ ಉಳೀತು?

ಜರ್ಮನಿಯ ರೈನ್ ಕಣಿವೇಲಿ ಅಷ್ಟೊಂದು ಕೋಟೆ ಮುರಿದು ಬಿದ್ದಿರುವಾಗ ಬ್ರೌಬಾಖ್ ಅನ್ನೋ ಪುಟ್ಟ ಊರಿನ ಮಾರ್ಕ್ಸ್‌ಬುರ್ಗ್ ಮಾತ್ರ ಹೇಗೆ ಇಡಿಯಾಗಿ ನಿಂತಿದೆ, ಅದರ ಹಿಸ್ಟರಿ ಏನು ಅಂತ ಕೇಳಿದೀರ. ನಾನಿರೋದು ಫ್ರಾಂಕ್‌ಫರ್ಟ್ ಕಡೆ, ನನಗೆ ತುಂಬ ಇಷ್ಟವಾದ ಕೋಟೆ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಕೋಟೆ ಗಟ್ಟಿ ಇತ್ತು, ಯಾರಿಗೂ ಗೆಲ್ಲಕ್ಕಾಗ್ಲಿಲ್ಲ ಅದಕ್ಕೆ ಉಳೀತು ಅಂತ ಸುಮಾರು ಜನ ಹೇಳ್ತಾರೆ. ಗಟ್ಟಿ ಇದ್ದಿದ್ದು ನಿಜ, ಆದ್ರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ, ಪ್ರತಿ ಕಾಲದಲ್ಲೂ ಯಾರಿಗಾದ್ರೂ ಏನಕ್ಕಾದ್ರೂ ಅದು ಬೇಕಾಗಿತ್ತು.

ದಾಖಲೆಯಲ್ಲಿ ಮೊದಲು ಸಿಗೋದು 1231ರಲ್ಲಿ, ಆಗ ಅದು ಎಪ್‌ಸ್ಟೈನ್ ಮನೆತನದವರ ಕೈಲಿತ್ತು. 1283ರಲ್ಲಿ ಕಾಟ್ಸನೆಲ್ನ್‌ಬೋಗನ್ ಕೌಂಟ್ ಎಬರ್‌ಹಾರ್ಟ್ ಕೊಂಡ್ಕೊಂಡ. ಇವರು ಸಾಮಾನ್ಯದವರಲ್ಲ, ರೈನ್ ಮೇಲೆ ಹೋಗೋ ದೋಣಿಗಳಿಂದ ಸುಂಕ ವಸೂಲಿ ಮಾಡಿ ಚೆನ್ನಾಗಿ ದುಡ್ಡು ಮಾಡಿದೋರು, ಜೊತೆಗೆ ಬ್ರೌಬಾಖ್ ಸುತ್ತ ಸೀಸ, ಬೆಳ್ಳಿ ಗಣಿ ಬೇರೆ ಇತ್ತು, ಆ ಕಾಲಕ್ಕೆ ಈ ಜಾಗ ಕೈಲಿದ್ರೆ ಎಷ್ಟು ಲಾಭ ಅಂತ ನೀವೇ ಯೋಚ್ನೆ ಮಾಡಿ. ಈಗ ಕಾಣೋ ಕಟ್ಟಡದಲ್ಲಿ ಬಹಳಷ್ಟು ಇವರ ಕಾಲದ್ದೇ. 1437ರಲ್ಲಿ ಒಳಗೆ ಸಂತ ಮಾರ್ಕನ ಪ್ರಾರ್ಥನಾ ಮಂದಿರ ಆಯ್ತು, ಮಾರ್ಕ್ಸ್‌ಬುರ್ಗ್ ಅನ್ನೋ ಹೆಸರು ಅದರಿಂದ ಬಂದಿದ್ದು.

1479ರಲ್ಲಿ ಈ ವಂಶದಲ್ಲಿ ಗಂಡು ಸಂತಾನ ಇಲ್ಲದೆ ಹೋಯ್ತು, ಮಗಳನ್ನ ಹೆಸ್ಸೆ ಮನೆತನಕ್ಕೆ ಕೊಟ್ಟಿದ್ರಿಂದ ಕೋಟೆ ಅವರ ಪಾಲಾಯ್ತು. ಅಷ್ಟೊತ್ತಿಗೆ ಯುದ್ಧದ ರೀತಿನೇ ಬದಲಾಗಿತ್ತು, ಹಳೇ ಗೋಡೆ ನಂಬ್ಕೊಂಡು ಕೂತ್ರೆ ಆಗಲ್ಲ ಅಂತ ಹೆಸ್ಸೆಯವರು ಫಿರಂಗಿ ಇಡೋಕೆ ಜಾಗ ಮಾಡಿ ಸೈನಿಕರನ್ನ ಇಟ್ರು. ವಾಸಕ್ಕೆ ಬೇಕಾದ್ರೆ ಕೆಳಗೆ ಊರಲ್ಲೇ 1568ರಿಂದ ಫಿಲಿಪ್ಸ್‌ಬುರ್ಗ್ ಅನ್ನೋ ಅರಮನೆ ಕಟ್ಕೊಂಡ್ರು. ಇದು ನನಗೆ ತುಂಬ ಮುಖ್ಯ ಅನ್ಸುತ್ತೆ, ಯಾಕಂದ್ರೆ ಮೇಲಿನ ಕೋಟೆಯನ್ನ ಒಡೆದು ಹೊಸ ಫ್ಯಾಷನ್ ಪ್ರಕಾರ ಅರಮನೆ ಮಾಡೋ ಅಗತ್ಯನೇ ಬರ್ಲಿಲ್ಲ.

1689ರಲ್ಲಿ ಹದಿನಾಲ್ಕನೇ ಲೂಯಿಯ ಫ್ರೆಂಚ್ ಸೈನ್ಯ ಈ ಕಣಿವೇಲಿ ಕೋಟೆ ಮೇಲೆ ಕೋಟೆ ಹಾಳು ಮಾಡ್ತು, ಬಾಖರಾಖ್‌ನ ಸ್ಟಾಲೆಕ್, ಕೋಬ್ಲೆನ್ಸ್ ಹತ್ರದ ಸ್ಟೋಲ್ಸನ್‌ಫೆಲ್ಸ್ ಎಲ್ಲ ಹೋಯ್ತು. ಮಾರ್ಕ್ಸ್‌ಬುರ್ಗ್ ತಪ್ಪಿಸ್ಕೊಂಡ್ತು. ಗಟ್ಟಿ ಇದ್ರೆ ಸಾಕು ಅನ್ನೋರು ರೈನ್‌ಫೆಲ್ಸ್ ಕಥೆ ನೋಡ್ಬೇಕು, ಅದು ಇದಕ್ಕಿಂತ ಎಷ್ಟೋ ದೊಡ್ಡದು, 1692ರಲ್ಲಿ ಫ್ರೆಂಚರನ್ನ ತಡೆದು ನಿಲ್ಲಿಸಿದ ಕೋಟೆ, ಆದ್ರೆ 1794ರಲ್ಲಿ ಹೋರಾಟನೇ ಇಲ್ಲದೆ ಬಿಟ್ಕೊಟ್ರು, ಆಮೇಲೆ ಫ್ರೆಂಚರು ಮದ್ದಿಟ್ಟು ಉಡಾಯಿಸಿದ್ರು.

1803ರಲ್ಲಿ ಮಾರ್ಕ್ಸ್‌ಬುರ್ಗ್ ನಸೌ ಅನ್ನೋ ಜರ್ಮನ್ ರಾಜ್ಯಕ್ಕೆ ಸೇರ್ತು, ಅವರು ಜೈಲು ಮಾಡಿದ್ರು, ಗಾಯಗೊಂಡ ಮುದಿ ಸೈನಿಕರನ್ನೂ ಇಲ್ಲೇ ಇಟ್ರು. ಕೇಳೋಕೆ ಬೇಜಾರಾಗುತ್ತೆ, ಆದ್ರೆ ಜನ ಇದ್ದ ಕಟ್ಟಡಕ್ಕೆ ಮೇಲೆ ಸೂರು ಇರ್ಬೇಕಲ್ಲ. 1866ರಲ್ಲಿ ಪ್ರಷ್ಯಾ ಅನ್ನೋ ದೊಡ್ಡ ಜರ್ಮನ್ ರಾಜ್ಯದ ಕೈಗೆ ಹೋದ್ಮೇಲೇ ನಿಜವಾದ ಅಪಾಯ ಬಂದಿದ್ದು, ಕೇಳೋರಿಲ್ಲದೆ ಶಿಥಿಲ ಆಗ್ತಾ ಹೋಯ್ತು. ಕೊನೆಗೆ ಕೈ ಹಾಕಿದ್ದು ಬೋಡೋ ಎಬ್‌ಹಾರ್ಟ್ ಅನ್ನೋ ಆರ್ಕಿಟೆಕ್ಟ್. 1899ರಲ್ಲಿ ಕೋಟೆಗಳನ್ನ ಉಳಿಸೋ ಸಂಘ ಕಟ್ಟಿ, ಮರುವರ್ಷವೇ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಸಹಾಯದಿಂದ 1,000 ಗೋಲ್ಡ್ ಮಾರ್ಕ್‌ಗೆ (ಆಗಿನ ಜರ್ಮನ್ ಹಣ) ಈ ಕೋಟೆ ತಗೊಂಡ. ರಿಪೇರಿಗೆ ಹದಿನೇಳನೇ ಶತಮಾನದ ಶುರುವಿನಲ್ಲಿ ವಿಲ್‌ಹೆಲ್ಮ್ ಡಿಲಿಖ್ ಅನ್ನೋ ನಕ್ಷೆಗಾರ ಬರೆದಿಟ್ಟಿದ್ದ ನಕ್ಷೆಗಳು ತುಂಬ ಉಪಯೋಗಕ್ಕೆ ಬಂದ್ವು. ಎಬ್‌ಹಾರ್ಟ್ ತೀರ್ಕೊಂಡಿದ್ದೂ ಇದೇ ಕೋಟೆಯಲ್ಲಿ, 1945ರ ಫೆಬ್ರವರಿಯಲ್ಲಿ. ಮುಂದಿನ ತಿಂಗಳೇ ನದಿಯಾಚೆಯಿಂದ ಅಮೆರಿಕನ್ ಸೈನ್ಯದ ಶೆಲ್ ಬಿದ್ದು ಛಾವಣಿ, ಗೋಪುರಕ್ಕೆ ಪೆಟ್ಟಾಯ್ತು, ಅದನ್ನೂ ಸರಿ ಮಾಡಿದ್ರು. ಇವತ್ತಿಗೂ ಆ ಸಂಘದ್ದೇ ಮಾಲೀಕತ್ವ, 2002ರಿಂದ ರೈನ್ ಕಣಿವೆಯ ಈ ಭಾಗ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ.

ಹೋಗೋದಾದ್ರೆ ಒಳಗೆ ಗೈಡ್ ಜೊತೆನೇ ಬಿಡೋದು. ಬಂಡೆಯನ್ನೇ ಕಡಿದು ಮಾಡಿದ ಕುದುರೆ ಸವಾರರ ಮೆಟ್ಟಿಲು ಏರುಪೇರಾಗಿದೆ, ಒಳ್ಳೆ ಶೂ ಹಾಕ್ಕೊಂಡು ಹೋಗಿ. ಅಡುಗೆಮನೆಯ ದೊಡ್ಡ ಒಲೆ ನಿಧಾನವಾಗಿ ನೋಡಿ. ಟೈಮ್ ಇದ್ರೆ ಅದೇ ದಿನ ನದಿಯಾಚೆ ಸ್ಟೋಲ್ಸನ್‌ಫೆಲ್ಸ್‌ಗೂ ಹೋಗ್ಬನ್ನಿ, ಅದು ಪಾಳುಬಿದ್ದ ಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ಪ್ರಷ್ಯಾದ ಯುವರಾಜ (ಆಮೇಲೆ ರಾಜನಾದ) ತನ್ನ ಕಲ್ಪನೆ ಪ್ರಕಾರ ಮತ್ತೆ ಕಟ್ಟಿಸಿದ್ದು, ಎರಡನ್ನೂ ನೋಡಿದ್ರೆ ವ್ಯತ್ಯಾಸ ತಾನಾಗೇ ಗೊತ್ತಾಗುತ್ತೆ.