ಶಾರ್ಜಾದಾಗ ವಗ್ಗರಣಿ-ಮಿರ್ಚಿ ಅಂಗಡಿ ಹಾಕ್ತೀನಿ ಅನ್ನೋ ಸಿರುಗುಪ್ಪದ ತಮ್ಮನಿಗೆ

ತಮ್ಮಾ, ನಿನ್ನ ಪೋಸ್ಟು ಎರಡು ಸಲ ಓದಿದೆ. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಾಗ ನಡೀತಿರೋ ಕೆಫೆಟೇರಿಯಾ, ದೋಸ್ತ ಊರಿಗೆ ಹೊಂಟಾನ, ಕೀ ಮನಿ (ಅಂಗಡಿ ಬಿಟ್ಟುಕೊಡಾಕ ಕೊಡೋ ರೊಕ್ಕ) 70 ಸಾವಿರ ದಿರಮ್, ಲೈಸೆನ್ಸು ‘ಸದ್ಯಕ್ಕ’ ಅವನ ಹೆಸರಲ್ಲೇ ಇರ್ಲಿ, ನಮ್ಮ ಕಡೆ ಮಂಡಾಳು (ಮಂಡಕ್ಕಿ) ವಗ್ಗರಣಿ, ಮಿರ್ಚಿ ಬಜಿ ಇಟ್ರ ಮಂದಿ ಮುಗಿಬೀಳ್ತಾರ, ಗುರುವಾರ 10 ಸಾವಿರ ಟೋಕನ್. ಹೆಸರೊಂದು ಬಿಟ್ರ 2016ರಾಗ ನಾನೇ ಬರೀಬೇಕಿದ್ದ ಪೋಸ್ಟು ಇದು. ಕೆಳಗ ಇಪ್ಪತ್ತು ಮಂದಿ ‘ಆಲ್ ದಿ ಬೆಸ್ಟ್ ಬ್ರೋ’ ಹಾಕ್ಯಾರ. ಅವ್ರೊಳಗ ಈ ದೇಶದಾಗ ಶೆಟರ್ ಎತ್ತಿದೋರು ಒಬ್ರೂ ಕಾಣಲಿಲ್ಲ. ಅದಕ್ಕ ಇಷ್ಟುದ್ದ ಬರೀತಿದೀನಿ, ಬೈದಂಗ ಕಂಡ್ರ ಬೈದದ್ದೇ ಅಂತ ತಿಳ್ಕೊ.

ಮೊದಲು ಆ ‘ಸದ್ಯಕ್ಕ’. ನಾನು ಹಾಕಿದಾಗ ಊರೊಳಗಿನ (ಮೇನ್‌ಲ್ಯಾಂಡ್) ಎಲ್‌ಎಲ್‌ಸಿ ಕಂಪನಿಯಾಗ ನೂರಕ್ಕ 51 ಪಾಲು ಇಲ್ಲಿಯವರ ಹೆಸರಲ್ಲಿ ಇರಲೇಬೇಕಿತ್ತು. ಅರಬಾಬ್ (ಇಲ್ಲಿಯ ಮಾಲಕ) ಒಬ್ಬ, ಅವನ ಕೆಳಗ ಲೈಸೆನ್ಸಿನ ಪಾರ್ಟ್ನರ್ ಅಂತ ನನ್ನ ದೋಸ್ತ, ಅವನ ಕೆಳಗ ರೊಕ್ಕ ಹಾಕಿದ ನಾನು. ಆ 51ರ ಕಟ್ಟು 2021ರ ಜೂನ್ 1ರಿಂದ ಬಹಳಷ್ಟು ವ್ಯಾಪಾರಕ್ಕ ಹೋಗೇತಿ, ಪೂರ್ತಿ ನಿನ್ನ ಹೆಸರಲ್ಲೇ ಮಾಡಿಸಬಹುದು. ಹಂಗಿದ್ದೂ ಇನ್ನೊಬ್ಬನ ಹೆಸರಿನ ಹಿಂದ ಯಾಕ ಅಡಗಿ ಕೂಡ್ತಿ? ರಿನ್ಯೂವಲ್ ಮುಂದ ಐತಿ, ಹೆಸರು ಬದಲಾಯಿಸಿದ್ರ ಖರ್ಚು ಅಂತ ಹೇಳಿರ್ತಾನ. ನನಗೂ ಅದನ್ನೇ ಹೇಳಿದ್ರು. ಹದಿನಾಲ್ಕನೇ ತಿಂಗಳು ನನ್ನ ದೋಸ್ತನಿಗೆ ಅಂಗಡಿ ಕೊಳ್ಳೋ ಇನ್ನೊಂದು ಗಿರಾಕಿ ಸಿಕ್ತು. ಒಂದು ದಿನ ನಸುಕಿನ್ಯಾಗ ಹೋದ್ರ ಶೆಟರಿಗೆ ಬ್ಯಾರೆ ಬೀಗ. ನನ್ನ ಹತ್ರ ಇದ್ದದ್ದು ಇಬ್ಬರೂ ಸಹಿ ಹಾಕಿದ ಒಂದು ಹಾಳಿ, ಎಲ್ಲೂ ಅಟೆಸ್ಟ್ ಆಗಿಲ್ಲ. ಫ್ರಿಜ್ಜಿನ ಬಿಲ್ಲು ನನ್ನ ಹೆಸರಲ್ಲಿತ್ತು, ಅದಕ್ಕ ಫ್ರಿಜ್ಜೊಂದು ಕೈಗೆ ಬಂತು. ಆ ಫ್ರಿಜ್ಜು ಈಗಲೂ ನನ್ನ ರೂಮಿನ್ಯಾಗ ಐತಿ. ಬಾಗಿಲು ತೆಗೆದಾಗೆಲ್ಲ 65 ಸಾವಿರ ದಿರಮಿನ ಮಜ್ಜಿಗೆ ಕುಡಿದಂಗ ಆಗ್ತೈತಿ.

ಇನ್ನು ವಗ್ಗರಣಿ. ನಿನ್ನ ನಾಲಿಗೆ ಆಸೆ ನನಗೆ ಅರ್ಥ ಆಗ್ತೈತಿ, ನನಗೂ ಇತ್ತು. ಆದ್ರ ಇಲ್ಲಿ ಸಲೀಸಾಗಿ ಸಿಗೋದು ಬಂಗಾಳಿಗಳ ಮಂಡಾಳು, ಅದಕ್ಕ ಮುರಿ ಅಂತಾರ. ನಮ್ಮ ಮಂಡಾಳು ನೀರಿಗೆ ಹಾಕಿ ಹಿಂಡಿದ್ರ ಕಾಳು ಕಾಳಾಗಿ ನಿಲ್ತೈತಿ, ಮುರಿ ಹಿಂಡಿದ್ರ ಅಂಗೈಯಾಗ ಮುದ್ದಿ. ನೀರು ಚಿಮುಕಿಸಿ ನೋಡಿದೆ, ಒದ್ದೆ ಬಟ್ಟಿಯಾಗ ಸುತ್ತಿ ನೋಡಿದೆ, ಆಗಲಿಲ್ಲ. ಕಡೀಗೆ ಊರಿಂದ ಬರೋರ ಕೈಯಾಗ ಚೀಲ ತರಿಸಿದೆ. ಮಂಡಾಳು ತೂಕ ಇಲ್ಲ, ಜಾಗ ತಿಂತೈತಿ. ಒಂದು ದೊಡ್ಡ ಬ್ಯಾಗಿನಷ್ಟು ತಂದ್ರ ಎರಡು ದಿನ ನಡೀತಿತ್ತು. ಪುಟಾಣಿ ಹಿಟ್ಟು, ಹುಣಸಿಹಣ್ಣು ಇಲ್ಲೇ ಸಿಕ್ತು, ಮಿರ್ಚಿಗೆ ನಮ್ಮ ಉದ್ದನ ತೆಳುಹಸಿರು ಮೆಣಸಿನಕಾಯಿ ಸಿಗಲಿಲ್ಲ. ಸಿಕ್ಕದ್ದು ಒಂದೊಂದು ದಿನ ಸಪ್ಪಗ, ಒಂದೊಂದು ದಿನ ಗಿರಾಕಿ ಕಣ್ಣಾಗ ನೀರು.

ಇಷ್ಟೆಲ್ಲ ಮಾಡಿದ್ರೂ ತಿನ್ನೋರು ಯಾರು? ನಮ್ಮ ಮಂದಿ. ಶುಕ್ರವಾರ ರಜಾ, ಕ್ಯಾಂಪಿಂದ ಬರೋರು, ಅಂಗಡಿ ತುಂಬ ಬಳ್ಳಾರಿ-ಸಿಂಧನೂರು-ಗಂಗಾವತಿ ಮಾತು, ಎದಿ ತುಂಬಿ ಬರ್ತಿತ್ತು. ಆ ಶುಕ್ರವಾರಗಳೇ ನನ್ನನ್ನ ಹಾಳು ಮಾಡಿದ್ದು. ಉಳಿದ ಆರು ದಿನ ಬರೋ ಗಿರಾಕಿ ಒಂದು ದಿರಮಿನ ಕಡಕ್ ಚಾಯ, ಪರೋಟ, ಮೊಟ್ಟಿ ಸ್ಯಾಂಡ್‌ವಿಚ್ ಕೇಳೋನು. ಅದನ್ನ ಮಲಯಾಳಿಗಳು ಪಕ್ಕದ ಅಂಗಡ್ಯಾಗ ನಿದ್ದಿಗಣ್ಣಾಗೂ ನನಗಿಂತ ಚಂದ ಮಾಡ್ತಿದ್ರು. ಮ್ಯಾಲ ಉದ್ರಿ ಪುಸ್ತಕ. ಊರೋನು, ಅಣ್ಣ ಅಂತಾನ, ಒಂದನೇ ತಾರೀಖಿಗೆ ಕೊಡ್ತೀನಿ ಅಂತಾನ, ಒಂದನೇ ತಾರೀಖಿಗೆ ಕಂಪನಿ ಅವನನ್ನ ಅಬುಧಾಬಿ ಸೈಟಿಗೆ ಹಾಕಿರ್ತೈತಿ.

ಲೆಕ್ಕ ಬಿಚ್ಚಿ ಹೇಳ್ತೀನಿ, ನಿನ್ನ ಅಂಕಿ ಹಾಕಿ ಹೋಲಿಸಿ ನೋಡು. ಬಾಡಿಗೆ ತಿಂಗಳಿಗೆ 4,000. ಮೂರು ಆಳಿನ ಪಗಾರ 4,500. ಅವ್ರ ರೂಮು-ಊಟ 1,500. ಕರೆಂಟು, ಗ್ಯಾಸು 1,500. ಒಟ್ಟು 11,500, ದಿನಕ್ಕ 383. ಸಾಮಾನಿಗೆ ನೂರಕ್ಕ 40 ಹೋಗ್ತಿತ್ತು, ಅಂದ್ರ ದಿನಕ್ಕ 640 ಗಲ್ಲಾಕ್ಕ ಬಿದ್ರಷ್ಟೇ ಸಮ-ಸಮ. ನನಗೆ ಶುಕ್ರವಾರ 900 ಬೀಳ್ತಿತ್ತು, ಉಳಿದ ದಿನ 350. ವಾರಕ್ಕ 3,000, ಬೇಕಾದದ್ದು 4,480. ಇದರಾಗ ನನ್ನ ಪಗಾರ ಸೇರಿಸೇ ಇಲ್ಲ. ಆ ಕೊರತ್ಯಾಗ ಸಾಮಾನಿನ ನೂರಕ್ಕ 40 ಕಳೆದ್ರ, ವಾರಕ್ಕ ಹೆಚ್ಚುಕಡಿಮಿ 900 ದಿರಮ್ ಕೈಯಿಂದ ಹಾಕಿ ಹಾಕಿ 53 ಸಾವಿರ ಆತು, ಎಕ್ಸಾಸ್ಟ್ ಡಕ್ಟು, ಗ್ರೀಸ್ ಟ್ರ್ಯಾಪು, ಟೈಲ್ಸು ಅಂತ ಬಲದಿಯಾ (ನಗರಸಭೆ) ಹೇಳಿದ್ದಕ್ಕ 28 ಸಾವಿರ, ಮ್ಯಾಲ ಕೀ ಮನಿ 65 ಸಾವಿರ. ಆಗ ದಿರಮಿಗೆ 18 ರೂಪಾಯಿ ಚಿಲ್ಲರ. 26 ಲಕ್ಷ ಅಂತ ಇಟ್ಕೊ. ನಮ್ಮೂರಾಗ ಎಲ್‌ಎಲ್‌ಸಿ ಅಂದ್ರ ತುಂಗಭದ್ರಾ ಕಾಲುವಿ (ಲೋ ಲೆವೆಲ್ ಕೆನಾಲ್), ಇಲ್ಲಿ ಎಲ್‌ಎಲ್‌ಸಿ ಅಂದ್ರ ಕಂಪನಿ. ಆ ಎಲ್‌ಎಲ್‌ಸಿ ಕೆಳಗಿನ ಒಂದೂವರಿ ಎಕರೆ ಗದ್ದಿ ಮಾರಿ ಈ ಎಲ್‌ಎಲ್‌ಸಿಯಾಗ ಹಾಕಿದೋನು ನಾನು.

ಅದರ ಮ್ಯಾಲ ಇನ್ನೊಂದು ಬರೆ. ಎನ್‌ಆರ್‌ಐ ಆಗಿರೋ ತನಕ ನಾವು ಊರಾಗ ಸಾಗುವಳಿ ಜಮೀನು ಕೊಳ್ಳೋಹಂಗಿಲ್ಲ, ಫೆಮಾ ಅನ್ನೋ ವಿದೇಶಿ ವಿನಿಮಯ ಕಾಯ್ದಿ. ಪಿತ್ರಾರ್ಜಿತ ಬಂದದ್ದು ಇಟ್ಕೋಬಹುದು, ಮಾರಬಹುದು, ತಿರುಗಿ ಕೊಳ್ಳಾಕ ಬರಂಗಿಲ್ಲ. ನೀನು ‘ಅಪ್ಪ ಗದ್ದಿ ಮಾರಾಕ ಒಪ್ಯಾನ’ ಅಂತ ಬರದಿ ನೋಡು, ಆ ಸಾಲಿಗೇ ನನ್ನ ಬೆರಳು ನಡುಗಿದ್ದು. ಬ್ಯಾಡ.

ಹಂಗಾದ್ರ ಏನು ಮಾಡ್ಲಿ ಅಂತಿ. ನಿನ್ನ ಪೋಸ್ಟಿನ ಕಡೀ ಸಾಲಿನ್ಯಾಗ ‘ಮೊದಲು ಬಳ್ಳಾರ್ಯಾಗ ಆರು ವರ್ಷ ಜೀನ್ಸ್ ಯೂನಿಟ್ಟಿನ್ಯಾಗ ಇದ್ದೆ’ ಅಂತ ಬರದಿ. ಅದನ್ನ ಮೊದಲು ಬರೀಬೇಕಿತ್ತು! ನಾನೂ ಬಳ್ಳಾರಿ ಕೌಲ್ ಬಜಾರಿನೋನೇ. ಕಟಿಂಗು, ಓವರ್‌ಲಾಕು, ಖಾಜಾ, ಬಾರ್ಟ್ಯಾಕು ಎಲ್ಲ ಪೀಸ್ ಲೆಕ್ಕದಾಗ ಮಾಡಿ ಬೆನ್ನು ಬಗ್ಗಿಸಿಕೊಂಡೋನು. ಇಲ್ಲಿಗೆ ಬಂದ ಮ್ಯಾಲ ಅದು ಕೀಳು ಕೆಲಸ, ಹೋಟೆಲ್ ಹಾಕಿದ್ರ ಸೇಠು ಅಂತ ಅನಿಸಿತ್ತು. ಹೋಟೆಲ್ ಹೋದ ಮ್ಯಾಲ ಮೂರು ವರ್ಷ ಇನ್ನೊಬ್ಬರ ಟೈಲರಿಂಗ್ ಅಂಗಡ್ಯಾಗ ಪಗಾರಕ್ಕ ಕೂತೆ, ಅವ್ರದೇ ವೀಸಾ, ಅವ್ರದೇ ಅಂಗಡಿ. ಆಗ ಕಂಡದ್ದು: ಇಲ್ಲಿ ಹೊಸ ಬಟ್ಟಿ ಹೊಲಿಸೋರಿಗಿಂತ ಕೊಂಡ ಬಟ್ಟಿ ಸರಿ ಮಾಡಿಸೋರು ಜಾಸ್ತಿ. ಮಾಲಿನ ಸೇಲಿನ್ಯಾಗ 34 ಉದ್ದದ ಪ್ಯಾಂಟು ಸಿಕ್ಕಿತು ಅಂತ ಕೊಂತಾರ, ಕಾಲು 30. 2021ರ ಕಡೀಗೆ ದುಬೈನ ಅಲ್ ಕುಸೈಸ್‌ನಾಗ ನನ್ನ ಹೆಸರಲ್ಲೇ ಲೈಸೆನ್ಸು ಮಾಡಿಸಿ ಆಲ್ಟರೇಷನ್ ಅಂಗಡಿ ಹಾಕಿದೆ. ಸ್ಟಾಕ್ ಅಂದ್ರ ದಾರ, ಜಿಪ್ಪು, ಬಟನ್ನು. ಕೆಡೋ ಮಾಲು ಒಂದೂ ಇಲ್ಲ. ಗಿರಾಕಿ ಬರದ ದಿನ ಬಾಡಿಗಿ ಒಂದೇ ತಿಂತೈತಿ.

ಎಲ್ಲರೂ ಪ್ಯಾಂಟು ಗಿಡ್ಡ ಮಾಡ್ತಾರ. ಮತ್ತ ನನ್ನ ಹತ್ರ ಯಾಕ ಬರ್ತಾರ ಅಂದ್ರ ಒರಿಜಿನಲ್ ಹೆಮ್ಮಿಗೆ, ಅಂದ್ರ ಕಂಪನಿ ಹಾಕಿದ ತಳದ ಪಟ್ಟಿ ಹಂಗೇ ಉಳಿಸಿ ಗಿಡ್ಡ ಮಾಡೋದಕ್ಕ. ನಿನಗೆ ಬಿಡಿಸಿ ಹೇಳಬೇಕಿಲ್ಲ, ಆದ್ರೂ ಇಲ್ಲಿ ಎಡವೋ ಜಾಗ ಹೇಳ್ತೀನಿ. ತಳದ ಬಿಳುಚಿದ ಪಟ್ಟಿ ಕತ್ತರಿಸಿ ತಿರುಗಿ ಕೂಡಿಸೋವಾಗ ಪಕ್ಕದ ಹೊಲಿಗಿ ಹೊಲಿಗಿಗೆ ಕೂಡಬೇಕು, ಒಂದು ನೂಲು ಆಚೀಚಿ ಆದ್ರೂ ಕಾಲು ತಿರುಚಿದಂಗ ಕಾಣ್ತೈತಿ. ಆ ದಪ್ಪನ ಗಂಟು ಇರೋ ಕಡೆ ಮೊದಲು ಕಟ್ಟಿಗಿ ಮ್ಯಾಲಿಟ್ಟು ಸುತ್ತಿಗಿಲೆ ನಾಲ್ಕು ಏಟು ಹಾಕು, ಪದರ ಮಲಗ್ತೈತಿ. 16ರ ಸೂಜಿ ತೆಗೆದು 18 ಹಾಕು. ಗಂಟಿನ ಹತ್ರ ಮೋಟಾರ್ ಬಿಟ್ಟು ಕೈಲೆ ಗಾಲಿ ತಿರುಗಿಸು, ಮಷೀನಿನ ಒತ್ತುಕಾಲಿನ (ಪ್ರೆಸ್ಸರ್ ಫುಟ್) ಹಿಂದ ಡೆನಿಮ್ ಚೂರು ಮಡಚಿ ಕೊಟ್ರ ಆ ಕಾಲು ಸಮ ನಿಲ್ತೈತಿ, ಟಾಕಿ ಹಾರಂಗಿಲ್ಲ. ದಾರದ ಬಣ್ಣ ಮುಖ್ಯ. ತಂಬಾಕು ಬಣ್ಣ, ಬಂಗಾರ, ತಾಮ್ರ, ಹೀಂಗ ಆರು ಶೇಡು ಇಟ್ಟೀನಿ. ಒಂದೇ ಹಳದಿ ದಾರದಾಗ ಎಲ್ಲ ಹೊಡಿಯೋರನ್ನ ನೋಡಿದ್ರ ನನಗೆ ಸಿಟ್ಟು ಬರ್ತೈತಿ. ಸಾದಾ ಮಡಿಕಿಗೆ 10 ದಿರಮ್, ಒರಿಜಿನಲ್ ಹೆಮ್ಮಿಗೆ 25. ಕೆಲಸ ಹದಿನೈದು ನಿಮಿಷ.

ಮಷೀನು ಜೂಕಿ ಕಂಪನಿದು ತಗೋ, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ, ಹಳೇ ಕ್ಲಚ್ ಮೋಟಾರಿನದಾದ್ರೂ ಸರಿ. ಹೊಸ ಮೋಟಾರಿನ ಎಲೆಕ್ಟ್ರಾನಿಕ್ ಬೋರ್ಡು ಸುಟ್ರ ಇಲ್ಲಿ ರಿಪೇರಿಗೆ ಕೊಡೋ ರೊಕ್ಕದಾಗ ಇನ್ನೊಂದು ಮಷೀನು ಬರ್ತೈತಿ. ಕ್ಲಚ್ ಮೋಟಾರಿಗೆ ಬೋರ್ಡೇ ಇಲ್ಲ. ಸೂಜಿ ಆರ್ಗನ್ ಕಂಪನಿದು. ಅಗ್ಗದ ಸೂಜಿ ತಂದು ಗಿರಾಕಿಯ 400 ದಿರಮಿನ ಪ್ಯಾಂಟಿಗೆ ತೂತು ಮಾಡಿ ಕೈಯಿಂದ ತುಂಬಿಕೊಟ್ಟೀನಿ. ಕಂದೂರಾ, ಅಬಾಯಾ (ಇಲ್ಲಿಯ ಗಂಡಸರ, ಹೆಂಗಸರ ನಿಲುವಂಗಿ) ಹೊಲಿಗಿಗೆ ಕೈ ಹಾಕಬ್ಯಾಡ, ಅದು ಬ್ಯಾರೆ ವಿದ್ಯೆ, ನಮ್ಮದಲ್ಲ.

ಲಾಂಡ್ರಿಗಳನ್ನ ಹಿಡಿ. ಮೂರು ಲಾಂಡ್ರಿಯಿಂದ ದಿನಾ ಸಂಜಿ ಚೀಲ ತರ್ತೀನಿ, ಮರುದಿನ ಕೊಡ್ತೀನಿ, ಮೂರರಾಗ ಒಂದು ಪಾಲು ಅವ್ರಿಗೆ. ರಸ್ತಿ ಮುಂದಿನ ಅಂಗಡಿ ಬೇಕೇ ಇಲ್ಲ, ಹಿಂದಿನ ಗಲ್ಲಿ ಸಾಕು, ಬಾಡಿಗಿ ಅರ್ಧ. ಯೂನಿಫಾರ್ಮ್ ಸೀಸನ್ ಇಲ್ಲಿ ವರ್ಷಕ್ಕ ಎರಡು: ಇಂಡಿಯನ್ ಸಿಲೆಬಸ್ ಶಾಲಿ ಏಪ್ರಿಲ್‌ನಾಗ, ಬ್ರಿಟಿಷ್-ಅಮೆರಿಕನ್ ಶಾಲಿ ಆಗಸ್ಟ್ ಕಡೀಗೆ. ಜುಲೈ-ಆಗಸ್ಟಿನ್ಯಾಗ ಫ್ಯಾಮಿಲಿ ಎಲ್ಲ ಊರಿಗೆ ಹೋಗಿ ಬಿಲ್ಡಿಂಗು ಖಾಲಿ, ಆಗ ನೀನೂ ಹೋಗಿ ಬಾ. ಕೆಫೆಟೇರಿಯಾ ಮಾಡಿದ್ರ ಹೋಗಾಕ ಆಗಂಗಿಲ್ಲ, ನಮ್ಮ ಅವ್ವನ ಕಣ್ಣಿನ ಆಪರೇಷನ್ನಿಗೂ ನಾನು ಹೋಗಲಿಲ್ಲ.

ಇಷ್ಟಾದ್ರೂ ಹೋಟೆಲೇ ಬೇಕು ಅಂದ್ರ ಒಂದು ಕೆಲಸ ಮಾಡು. ತಸ್ಬೀ (ಜಪಮಾಲಿ) ಎಣಿಸೋ ಬೆರಳಿನ ಕೌಂಟರ್ ಸಿಗ್ತೈತಲ್ಲ, ಅದನ್ನ ತಗೊಂಡು ಆ ಅಂಗಡಿ ಎದುರಿನ ಫುಟ್‌ಪಾತಿನ್ಯಾಗ ಹದಿನೈದು ದಿನ ಕೂಡು. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜಿ ಐದರಿಂದ ಹತ್ತು. ಒಳಗ ಹೋದೋರನ್ನ ಎಣಿಸು, ಕೈಯಾಗ ಪಾರ್ಸೆಲ್ ಹಿಡಿದು ಬಂದೋರನ್ನ ಬ್ಯಾರೆ ಎಣಿಸು. ಮಾರೋನು ತೋರಿಸೋ ಗಲ್ಲಾ ಪುಸ್ತಕ ನಂಬಬ್ಯಾಡ, ಮಾರೋ ವಾರ ದೋಸ್ತರನ್ನೆಲ್ಲ ಕರೆದು ಚಾಯ ಕುಡಿಸ್ತಾರ. ರಜಾ ದಿನಾನೂ ಬದಲಾಗ್ಯಾವ. 2022ರ ಜನವರಿಯಿಂದ ದುಬೈ ಆಫೀಸುಗಳಿಗೆ ಶನಿವಾರ-ಭಾನುವಾರ, ಶಾರ್ಜಾ ಸರ್ಕಾರಿ ಆಫೀಸುಗಳಿಗೆ ಶುಕ್ರವಾರದಿಂದ ಭಾನುವಾರ ತನಕ ಮೂರು ದಿನ. ಆಫೀಸಿನೋರನ್ನ ನಂಬಿದ ಅಂಗಡಿಗೆ ವಾರದಾಗ ನಾಲ್ಕೇ ದಿನ ವ್ಯಾಪಾರ.

ಕಾಗದದ ವಿಷಯ ಬೇಗ ಹೇಳಿ ಮುಗಿಸ್ತೀನಿ. ಅಂಗಡಿ ಬಾಡಿಗಿ ಮ್ಯಾಲ 5 ಪರ್ಸೆಂಟ್ ವ್ಯಾಟ್ ಐತಿ, ಮನಿಗೆ ಇರಂಗಿಲ್ಲ, ಇದನ್ನ ಎಲ್ಲರೂ ಮರೀತಾರ. ವರ್ಷದ ವ್ಯಾಪಾರ 3,75,000 ದಿರಮ್ ದಾಟಿದ್ರ ನೀನೂ ವ್ಯಾಟ್‌ಗೆ ರಿಜಿಸ್ಟರ್ ಆಗಬೇಕು. ಎಲ್‌ಎಲ್‌ಸಿ ಮಾಡಿದ್ರ ಲಾಭ ಸೊನ್ನೆ ಇದ್ರೂ ಕಾರ್ಪೊರೇಟ್ ಟ್ಯಾಕ್ಸಿಗೆ ರಿಜಿಸ್ಟ್ರೇಷನ್ ಬೇಕೇ ಬೇಕು, ತಡ ಮಾಡಿದ್ರ 10,000 ದಿರಮ್ ದಂಡ. ಒಬ್ಬನ ಹೆಸರಿನ ಎಸ್ಟಾಬ್ಲಿಷ್‌ಮೆಂಟ್ ಆದ್ರ ವರ್ಷಕ್ಕ 10 ಲಕ್ಷ ದಿರಮ್ ವ್ಯಾಪಾರ ದಾಟಿದ್ರಷ್ಟೇ. ಬಾಡಿಗಿ ಚೆಕ್ಕು ಬೌನ್ಸ್ ಆದ್ರ ಈಗ ಮೊದಲಿನಂಗ ಸೀದಾ ಪೊಲೀಸ್ ಕೇಸಲ್ಲ, 2022ರಿಂದ ಬದಲಾಗೇತಿ, ಹಂಗಂತ ಮೈಮರೀಬ್ಯಾಡ, ಚೆಕ್ಕು ಹಿಡಿದು ನೇರ ವಸೂಲಿಗೆ ಕೋರ್ಟಿಗೆ ಹೋಗ್ತಾರ. ಕಂಪನಿ ವೀಸಾದಾಗ ಇದ್ದೀ, ಇನ್ವೆಸ್ಟರ್ ವೀಸಾನೋ, ಕಂಪನಿಯ ಒಪ್ಪಿಗಿ ಪತ್ರಾನೋ (ಎನ್‌ಒಸಿ) ಇಲ್ಲದ ಗಲ್ಲಾ ಮ್ಯಾಲ ಕೂಡಬ್ಯಾಡ. ಫ್ರೀ ಝೋನ್ (ಬ್ಯಾರೆ ನಿಯಮ ಇರೋ ವ್ಯಾಪಾರ ವಲಯ) ಲೈಸೆನ್ಸು ಅಗ್ಗ ಅಂತ ಜಾಹೀರಾತು ಬರ್ತಾವ, ಅದೊಂದನ್ನೇ ಹಿಡ್ಕೊಂಡು ರಸ್ತಿ ಮ್ಯಾಲ ಅಂಗಡಿ ತೆಗಿಯಾಕ ಬರಂಗಿಲ್ಲ.

ನಿನ್ನ ಪೋಸ್ಟಿನ ಕೆಳಗ ಸೌದಿಯ ದಮ್ಮಾಮಿನ ಅಣ್ಣಾರು ‘ನಾವಿಲ್ಲಿ ಕಫೀಲನ (ಸೌದಿ ಪ್ರಾಯೋಜಕನ) ಹೆಸರಲ್ಲೇ ನಡಸ್ತೀವಿ, ಏನಾಗಲ್ಲ’ ಅಂತ ಬರದಾರ. ಅಣ್ಣಾರ, ಸಿಟ್ಟಾಗಬ್ಯಾಡ್ರಿ, ಸೌದಿಯಾಗ ಅದಕ್ಕ ತಸತ್ತುರ್ ಅಂತಾರ, 2020ರ ಹೊಸ ಕಾಯ್ದಿ ಪ್ರಕಾರ ಐದು ವರ್ಷದ ತನಕ ಜೈಲು, 50 ಲಕ್ಷ ರಿಯಾಲ್ ತನಕ ದಂಡ. ನೀವು ಉಳಿದದ್ದು ಅದೃಷ್ಟ, ಅದನ್ನ ಈ ಹುಡುಗನಿಗೆ ಸಲಹಾ ಅಂತ ಕೊಡಬ್ಯಾಡ್ರಿ.

ತಮ್ಮಾ, ಗುರುವಾರದ ಟೋಕನ್ ನಿಲ್ಲಿಸು. ಆ ಅಂಗಡಿಯ ಲೈಸೆನ್ಸಿನ್ಯಾಗ ಆ್ಯಕ್ಟಿವಿಟಿ ಬರದಿರೋ ಪುಟ, ಬಾಡಿಗಿ ಕರಾರಿನ ಕಡೀ ತಾರೀಖು, ಬಲದಿಯಾದ ಮುಖಾಲಫಾ (ದಂಡ) ಬಾಕಿ ಐತೋ ಇಲ್ಲೋ, ಈ ಮೂರರ ಫೋಟೋ ಕೇಳು. ಕೊಡಾಕ ನಾಳೆ-ನಾಡಿದ್ದು ಅಂದ ಅಂದ್ರ ನಿನಗ ಉತ್ತರ ಸಿಕ್ಕಂಗ. ಕೊಟ್ರ ಹೆಸರು, ನಂಬರು ಮುಚ್ಚಿ ಇಲ್ಲೇ ಹಾಕು, ರಾತ್ರಿ ಹತ್ತಕ್ಕ ಶೆಟರ್ ಎಳೆದ ಮ್ಯಾಲ ನೋಡ್ತೀನಿ. ಶನಿವಾರ ಬಿಡುವಿದ್ರ ಕುಸೈಸ್‌ಗೆ ಬಾ, ನನ್ನ ಹತ್ರ ಎರಡನೇ ಮಷೀನು ಖಾಲಿ ಐತಿ, ಒಂದು ಹಳೇ ಪ್ಯಾಂಟು ತಗೊಂಡು ಬಾ, ನಿನ್ನ ಕೈ ಇನ್ನೂ ಐತೋ ಮರ್ತೈತೋ ನೋಡೋಣು.