ತೀರ್ಥಹಳ್ಳಿಯಲ್ಲಿ ಮನೆಯ ಸಣ್ಣ ಗ್ಯಾರೇಜಿಗೆ ಯಾವ ಕಾರ್ ಲಿಫ್ಟ್ ಹಾಕಿಸಬಹುದು?

ಹಂಚಿನ ಮಾಡು, 10 ಅಡಿ ಎತ್ತರ, ಒಂದು ಸ್ವಿಫ್ಟ್ ಎಂದಿದ್ದೀರಿ. ಹಾಗಾದರೆ ಸಿಸರ್ ಲಿಫ್ಟ್, ಅಂದರೆ ಕಾರಿನ ಕೆಳಗೆ ಕೂತು ಕತ್ತರಿಯಂತೆ ಬಿಚ್ಚಿಕೊಂಡು ಏಳುವ ಲಿಫ್ಟ್, ತಗೊಳ್ಳಿ. ಎರಡು ಕಂಬದ ಲಿಫ್ಟಿಗೆ ಸಾಮಾನ್ಯವಾಗಿ 11–12 ಅಡಿ ಎತ್ತರ ಬೇಕು. ಸಿಸರ್ ಲಿಫ್ಟ್ ಕಾರನ್ನು ಮೂರೂವರೆ ಅಡಿಯಷ್ಟು ಎತ್ತಿದರೂ ಬ್ರೇಕ್, ಸಸ್ಪೆನ್ಶನ್ ಕೆಲಸಕ್ಕೆ ಧಾರಾಳವಾಯಿತು. ಗೇರ್‌ಬಾಕ್ಸ್ ಇಳಿಸುವುದು ಮಾತ್ರ ಕಷ್ಟ, ನಡುವೆ ಲಿಫ್ಟೇ ಅಡ್ಡ ಬರುತ್ತದೆ. ಮಾಡು ಇಳಿಜಾರು ಅಲ್ವಾ, ತಗ್ಗಿನ ಕಡೆಯ ಎತ್ತರ ಅಳೆಯಿರಿ.

ಲಿಫ್ಟಿಗಿಂತ ಮೊದಲು ನೆಲ ನೋಡಿ. ನಮ್ಮ ಕಡೆ ಗುಡ್ಡ ಕಡಿದು, ಮಣ್ಣು ತುಂಬಿಸಿ ಅಂಗಳ ಮಾಡಿರುತ್ತಾರೆ. ಮಳೆಗಾಲದಲ್ಲಿ ಅದು ಕುಸಿಯಬಹುದು. ಗಟ್ಟಿ ನೆಲದ ಮೇಲೆ ಕನಿಷ್ಠ 4 ಇಂಚು ಒಳ್ಳೆಯ ಕಾಂಕ್ರೀಟ್ ಇರಬೇಕು, ಹೊಸದಾದರೆ 28 ದಿನ ಬಿಡಿ. ಕಂಪನಿ ಜಾಸ್ತಿ ದಪ್ಪ ಕೇಳಿದರೆ ಅಷ್ಟೇ ಹಾಕಿಸಿ. ಜಂಬಿಟ್ಟಿಗೆ, ಟೈಲ್ಸ್ ಮೇಲೆ ಬೇಡವೇ ಬೇಡ.

2.5 ಟನ್ ಸಾಮರ್ಥ್ಯ ಸಾಕು. ಸಿಂಗಲ್ ಫೇಸ್ ಮೋಟಾರ್ ಕೇಳಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕೈಯಿಂದ ಇಳಿಸುವ ವ್ಯವಸ್ಥೆಯೂ ಬೇಕು. ಲಿಫ್ಟನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ (ಎಣ್ಣೆಯ ಒತ್ತಡ) ಒಂದನ್ನೇ ನಂಬಬೇಡಿ. ಲಿಫ್ಟ್ ಕೆಳಗೆ ಜಾರದಂತೆ ತಡೆಯುವ ಮೆಕ್ಯಾನಿಕಲ್ ಲಾಕ್ ಬೀಳದೆ ದಯವಿಟ್ಟು ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ.